ಬೀದಿಗೆಲ್ಲ ಬರೆದುಕೊಟ್ಟ ನಮ್ಮ ಅತ್ತಿಗೆ

ನನ್ನ ಗಂಡನ ಅಕ್ಕನ ಬಗ್ಗೆ ಹೇಳಬೇಕು. ಹೇಳುವಾಗ ನನಗೆ ಸಿಟ್ಟು ಬರುತ್ತದೆ, ಬರಲಿ. ಸಮಾಧಾನವಾಗಿ ಕೂತು ಹೇಳುವಂಥ ಕಥೆ ಇದಲ್ಲ, ನಾನೂ ಸಮಾಧಾನದ ಹೆಂಗಸಲ್ಲ. ಹೊಲಿಗೆ ಮಿಷಿನ್ನಿನ ಸದ್ದಿನ ಮೇಲೆ ಕೂಗಿ ಕೂಗಿ ಗಂಟಲೇ ಹೀಗಾಗಿದೆ ಎಂದು ಗಿರಾಕಿಗಳಿಗೆ ಹೇಳುತ್ತೇನೆ. ಅವರು ನಂಬುವುದಿಲ್ಲ.

ಅತ್ತಿಗೆ ಮದುವೆಯಾಗಲಿಲ್ಲ. ತಾಯಿ ತೀರಿಕೊಂಡಾಗ ತಮ್ಮ ಇನ್ನೂ ಅಂಗಿ ಗುಂಡಿ ಹಾಕಿಕೊಳ್ಳಲು ಬಾರದ ವಯಸ್ಸಿನವನು. ಅವನ ಊಟ, ಓದು, ಜ್ವರ, ಹಟ ಎಲ್ಲ ನೋಡಿಕೊಳ್ಳುವಷ್ಟರಲ್ಲಿ ಇವರ ತಲೆಯಲ್ಲಿ ಬಿಳಿ ಕೂದಲು ಬಂದಿತ್ತು. "ನನಗೆ ಬೇರೆ ಮಕ್ಕಳು ಯಾಕೆ, ಇವನೊಬ್ಬನ ಕಾಟ ಸಾಕಾಗಲ್ವಾ" ಎಂದು ನಗುತ್ತಿದ್ದರು. ಆ ಕಾಟವನ್ನೇ ನಾನು ಕಟ್ಟಿಕೊಂಡದ್ದು. ಮನೆಯಲ್ಲಿ ಗಂಡನನ್ನು ಸಾಹೇಬರು ಎಂದೇ ಕರೆಯುತ್ತೇನೆ. ಇಸ್ತ್ರಿ ಇಲ್ಲದ ಅಂಗಿ ಹಾಕಿ ಬೀದಿ ಕೊನೆಯವರೆಗೂ ಹೋದವರಲ್ಲ.

ಅತ್ತಿಗೆಗೆ ಮೊದಲು ಮುದ್ರಣಾಲಯದಲ್ಲಿ ಕೆಲಸವಿತ್ತು. ಅಂಗಡಿಯವರು ಕರಪತ್ರ ಬೇಕೆಂದು ಬಂದರೆ ಕಂಪ್ಯೂಟರಿನಲ್ಲಿ ಅದನ್ನು ಕೂರಿಸಿಕೊಡುವುದು. ಬಂದವರಿಗೆ ಏನು ಬರೆಯಬೇಕೆಂದೇ ಗೊತ್ತಿರುತ್ತಿರಲಿಲ್ಲ, ಆದ್ದರಿಂದ ಬರೆದುಕೊಡುವ ಕೆಲಸವೂ ಇವರ ತಲೆಗೇ ಬಿತ್ತು. ಕರಪತ್ರಗಳ ಕಾಲ ಮುಗಿದು ಮುದ್ರಣಾಲಯಕ್ಕೆ ಬೀಗ ಬಿದ್ದಾಗ, ಅದೇ ಅಂಗಡಿಯವರು ಮನೆ ಹುಡುಕಿಕೊಂಡು ಬಂದರು. "ಈಗೆಲ್ಲ ಫೋನಲ್ಲೇ ನೋಡ್ತಾರಂತೆ ಅಕ್ಕಾ, ನಮ್ಮ ಪೇಜಿಗೂ ಏನಾದ್ರೂ ಬರೆದು ಹಾಕಿ" ಎಂದರು. ಹಾಗೆ ಶುರುವಾಯಿತು.

ಇವರ ಕೆಲಸದ ರೀತಿ ಬೇರೆಯೇ. ವಾರಕ್ಕೊಮ್ಮೆ ಒಂದೊಂದು ಅಂಗಡಿಗೆ ಹೋಗಿ ಮೂಲೆಯ ಸ್ಟೂಲಿನ ಮೇಲೆ ಕೂರುತ್ತಿದ್ದರು. ಏನೂ ಕೇಳುತ್ತಿರಲಿಲ್ಲ. ಮಾಲೀಕರು ಗಿರಾಕಿಗಳ ಹತ್ತಿರ ಹೇಗೆ ಮಾತಾಡುತ್ತಾರೆ, ಎಲ್ಲಿ ರೇಗುತ್ತಾರೆ, ಯಾವ ಮಾತಿಗೆ ತಾವೇ ನಗುತ್ತಾರೆ ಎಂದು ಕೇಳಿಸಿಕೊಳ್ಳುತ್ತಿದ್ದರು. ಮನೆಗೆ ಬಂದು ಬರೆದರೆ ಅದು ಆ ಮಾಲೀಕರೇ ಆಡಿದ ಹಾಗಿರುತ್ತಿತ್ತು. ಸೈಕಲ್ ಅಂಗಡಿಯವರದು ಗೊಣಗಾಟ, ಬೇಕರಿಯವರದು ಪ್ರೀತಿಯ ಬೈಗುಳ, ಹಲ್ಲಿನ ಡಾಕ್ಟರದು ನಯ, ಕನ್ನಡಕದ ಅಂಗಡಿಯವರದು ಎರಡರ್ಥವಿಲ್ಲದ ನೇರ ಮಾತು. ಓದಿದವರು ಯಾರೂ ಇದರ ಹಿಂದೆ ಇನ್ನೊಬ್ಬ ಹೆಂಗಸಿದ್ದಾಳೆ ಎಂದುಕೊಳ್ಳುತ್ತಿರಲಿಲ್ಲ. ಅದೇ ಅವರಿಗೆ ಹೆಮ್ಮೆ.

ಬರೆದದ್ದನ್ನು ಹಾಕಲು ಮೊದಮೊದಲು ಯಾವುದೋ ಕಂಪನಿಯ ಜಾಲತಾಣವನ್ನು ಬಳಸುತ್ತಿದ್ದರು. ಮುಂದಿನ ವಾರದ್ದನ್ನೆಲ್ಲ ಮೊದಲೇ ಬರೆದು, ಯಾವ ದಿನ ಎಷ್ಟು ಹೊತ್ತಿಗೆ ಹೋಗಬೇಕು ಎಂದು ಹೇಳಿಟ್ಟರೆ, ಆ ಹೊತ್ತಿಗೆ ಅದು ತಾನೇ ಅಂಗಡಿಯ ಪುಟದಲ್ಲಿ ಹಾಕುತ್ತಿತ್ತು. ಒಂದು ಬೆಳಗ್ಗೆ ನೋಡಿದರೆ ಕಂಪನಿಯವರು ಖಾತೆಯನ್ನೇ ಮುಚ್ಚಿದ್ದಾರೆ. ಯಾಕೆ ಎಂದು ಕೇಳಿದರೆ ಉತ್ತರ ಕೊಡುವ ನರಪಿಳ್ಳೆಯೂ ಇಲ್ಲ. ಒಳಗಿದ್ದ ಬರಹವೆಲ್ಲ ಅದರ ಜೊತೆಗೇ ಹೋಯಿತು. ಅವತ್ತು ಅತ್ತಿಗೆ ಊಟ ಮಾಡಲಿಲ್ಲ. ಮಾರನೆಯ ದಿನ ಎದ್ದು, "ಇನ್ನು ಮೇಲೆ ನನ್ನ ಕೆಲಸ ನನ್ನ ಮನೇಲೇ ಇರಬೇಕು ಕಣೇ, ಯಾರದೋ ಹಂಗಲ್ಲಿ ಅಲ್ಲ" ಎಂದರು.

ಅಂಥದೇ ಕೆಲಸ ಮಾಡುವ ಮುಕ್ತ ತಂತ್ರಾಂಶಗಳು ಇರುತ್ತವಂತೆ. ಬರೆದವರು ಒಳಗಿನದೆಲ್ಲವನ್ನೂ ಜಗತ್ತಿನ ಮುಂದೆ ತೆರೆದಿಟ್ಟಿರುತ್ತಾರೆ, ಯಾರು ಬೇಕಾದರೂ ಇಳಿಸಿಕೊಂಡು ತಮ್ಮ ಕಂಪ್ಯೂಟರಿನಲ್ಲೇ ನಡೆಸಬಹುದು, ಕೊಡುವುದೇನೂ ಇಲ್ಲ. ಅತ್ತಿಗೆ ಯಾವುದೋ ಆಫೀಸು ಬಿಸಾಕಿದ ಹಳೇ ಕಂಪ್ಯೂಟರ್ ತಂದು, ನನ್ನ ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಇಟ್ಟು, ಅದರ ಜೊತೆ ಗುದ್ದಾಡಿದರು. ಕಾಣದ ದೇಶದ ಕಾಣದ ಜನರಿಗೆ ತಮ್ಮ ಹರಕು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದರು, ಬೈಸಿಕೊಂಡರು, ಮತ್ತೆ ಕೇಳಿದರು. ಕೊನೆಗೊಂದು ದಿನ ಹಲ್ಲಿನ ಡಾಕ್ಟರ ಪುಟದಲ್ಲಿ ನಮ್ಮ ಮನೆಯಿಂದ ಹೋದ ಮೊದಲ ಮಾತು ಕಾಣಿಸಿಕೊಂಡಾಗ, ಅತ್ತಿಗೆ ನನ್ನನ್ನು ಹಿಡಿದು ಒಂದು ಸುತ್ತು ತಿರುಗಿಸಿದರು. ನನ್ನ ಬಾಯಲ್ಲಿ ಗುಂಡುಸೂಜಿಗಳಿದ್ದವು, ಪುಣ್ಯಕ್ಕೆ ಒಂದೂ ಒಳಗೆ ಹೋಗಲಿಲ್ಲ. ಆ ಕಂಪ್ಯೂಟರ್ ಯಾವಾಗಲೂ ನರಳುತ್ತಿದ್ದುದರಿಂದ ಅದಕ್ಕೆ ಮುದುಕಪ್ಪ ಎಂದು ಹೆಸರಾಯಿತು.

ಪ್ರತಿ ಅಂಗಡಿಯವರೂ ತಮ್ಮ ಫೋನಿನಿಂದ ಒಮ್ಮೆ ಅನುಮತಿ ಕೊಟ್ಟರೆ ಸಾಕು, ಆಮೇಲೆ ಮುದುಕಪ್ಪ ಅವರ ಪುಟದಲ್ಲಿ ಏನು ಬೇಕಾದರೂ ಹಾಕಬಲ್ಲ. ಅತ್ತಿಗೆ ಆ ಅನುಮತಿಯನ್ನು ಮನೆ ಕೀಲಿಯ ಹಾಗೆ ನೋಡುತ್ತಿದ್ದರು. "ಅವರ ಬಾಯಿ ನಮ್ಮ ಕೈಲಿದೆ ಕಣೇ, ತಮಾಷೆ ಅಲ್ಲ" ಎನ್ನುತ್ತಿದ್ದರು. ಸಣ್ಣ ತಪ್ಪಾದರೂ ತಾವೇ ಹೋಗಿ ಹೇಳಿ ಬರುತ್ತಿದ್ದರು.

ಇಷ್ಟರಲ್ಲಿ ಸಾಹೇಬರ ಮೊಬೈಲ್ ರಿಪೇರಿ ಅಂಗಡಿ ಮುಳುಗಿತು. ಮುಳುಗುವಂಥದೇ. ಗಿರಾಕಿಯ ಫೋನ್ ಬಿಚ್ಚಿಟ್ಟು ಟೀ ಕುಡಿಯಲು ಹೋದರೆ ಬರುತ್ತಿದ್ದುದು ಊಟದ ಹೊತ್ತಿಗೆ. ಮನೆಯಲ್ಲಿ ಕೂತು ಫ್ಯಾನ್ ನೋಡುತ್ತಿದ್ದ ತಮ್ಮನನ್ನು ಕಂಡು ಅತ್ತಿಗೆಯ ಕರುಳು ಚುರುಕ್ ಎಂದಿತು. "ನನ್ನ ಜೊತೆಗೇ ಇರೋ. ಬೇರೆಯವರಿಗೆ ಕಲಿಸೋ ಬದಲು ನಿನಗೇ ಕಲಿಸ್ತೀನಿ" ಎಂದರು. ಮುದುಕಪ್ಪನ ಎಲ್ಲ ಬಾಗಿಲು ತೆರೆಯುವ ಪಾಸ್‌ವರ್ಡನ್ನು ನನ್ನ ಕಣ್ಣೆದುರೇ ಹೇಳಿಕೊಟ್ಟರು. ಅಭ್ಯಾಸ ಮಾಡಲಿ ಎಂದು ಅದರೊಳಗೆ ತಮ್ಮನಿಗೇ ಒಂದು ಬೇರೆ ವಿಭಾಗ ಮಾಡಿಕೊಟ್ಟು, "ಇದು ನಿನ್ನ ಜಾಗ, ನಾನು ಇಣುಕಲ್ಲ" ಎಂದರು. ಇಣುಕಲಿಲ್ಲ ಕೂಡ. ಅಯ್ಯೋ, ಒಂದೇ ಒಂದು ಸಲ ಇಣುಕಿದ್ದರೆ!

ಅದಾದ ಕೆಲವು ತಿಂಗಳಿಗೆ ಬೇಕರಿಯವರು ಬಂದು ತಲೆ ಕೆರೆದುಕೊಂಡು ನಿಂತರು. "ಸ್ವಲ್ಪ ದಿನ ನಿಲ್ಸೋಣ ಅಂತ ಅಕ್ಕಾ. ನಾವೇ ಏನೋ ಹಾಕ್ಕೊಳ್ತೀವಿ." ಅತ್ತಿಗೆ ಆಗಲಿ ಎಂದರು. ಆಮೇಲೆ ಹಲ್ಲಿನ ಡಾಕ್ಟರು. ಆಮೇಲೆ ಕನ್ನಡಕದವರು. ಎಲ್ಲರದೂ ಅದೇ ಮಾತು, ಅದೇ ತಲೆ ಕೆರೆತ. ಯಾರೂ ಕಣ್ಣು ಕೊಟ್ಟು ಮಾತಾಡಲಿಲ್ಲ. ಜಗಳವಾಡಿ ಹೋಗಿದ್ದರೆ ಜಗಳವನ್ನಾದರೂ ಮಾಡಬಹುದಿತ್ತು.

ಅತ್ತಿಗೆ ತಪ್ಪನ್ನೆಲ್ಲ ತಮ್ಮ ಮೇಲೇ ಹಾಕಿಕೊಂಡರು. ಬರೆದದ್ದನ್ನು ನನಗೆ ಓದಿ ಹೇಳಿ, "ನಿಜ ಹೇಳೇ, ಹಳಸಿದೆ ಅಲ್ವಾ?" ಎಂದು ಕೇಳುವರು. ಚೆನ್ನಾಗಿದೆ ಅಂದರೆ, "ನೀನು ಹಾಗೇ ಹೇಳ್ತೀಯ ಬಿಡು" ಎನ್ನುವರು. ಅಳಿಸಿ ಬರೆದರು, ಬರೆದು ಅಳಿಸಿದರು. ಮೊದಲು ಒಂದೇ ಉಸಿರಿಗೆ ಬರೆಯುತ್ತಿದ್ದವರು ಒಂದು ಸಾಲಿಗೆ ಮಧ್ಯಾಹ್ನವೆಲ್ಲ ಒದ್ದಾಡುವಂತಾಯಿತು. ಬಿಟ್ಟುಹೋದ ಅಂಗಡಿಗಳ ಪುಟಗಳನ್ನು ತಮ್ಮ ಫೋನಿನಿಂದಲೇ ತೆಗೆದುಹಾಕಿದರು. "ನೋಡ್ತಾ ಕೂತ್ರೆ ನನ್ನ ಕೆಲಸ ಸಾಗಲ್ಲ" ಎಂದರು. ತಮ್ಮನನ್ನೂ ಕೇಳಿದರು. ಸಾಹೇಬರು ಅಕ್ಕನ ಹೆಗಲ ಮೇಲೆ ಕೈ ಇಟ್ಟು, "ಕಾಲ ಬದಲಾಗಿದೆ ಅಕ್ಕ. ನೀನು ಎಷ್ಟು ಅಂತ ದುಡೀತೀಯ, ರೆಸ್ಟ್ ತಗೋ" ಎಂದರು. ಎಂಥ ಮಗನಂಥ ತಮ್ಮ ಎಂದು ನಾನೇ ಒಳಗೊಳಗೆ ಬೀಗಿದೆ. ನನ್ನ ಬುದ್ಧಿಗಿಷ್ಟು!

ಸಾಹೇಬರಿಗೆ ಅಷ್ಟರಲ್ಲಿ ಯಾವುದೋ ಜಾಹೀರಾತು ಕಂಪನಿಯಲ್ಲಿ ಕೆಲಸ ಸಿಕ್ಕಿತ್ತು. ಹಾಗೆಂದು ಹೇಳಿದರು, ನಾವು ನಂಬಿದೆವು. ವಿಸಿಟಿಂಗ್ ಕಾರ್ಡು ಬಂತು, ಹೊಸ ಬೂಟು ಬಂತು. ಸಂಜೆ ನನ್ನ ಮೇಜಿನ ಪಕ್ಕ ಕುರ್ಚಿ ಎಳೆದುಕೊಂಡು ಲ್ಯಾಪ್‌ಟಾಪಿನಲ್ಲಿ ಏನೋ ಕುಟ್ಟುತ್ತಿದ್ದರು. ನಾನು ಗುಂಡಿಯ ಕಾಜಾ ಹೊಲಿಯುತ್ತಾ, ಗಂಡನಿಗೆ ದುಡಿಯುವ ಬುದ್ಧಿ ಬಂತಲ್ಲ ಎಂದು ಖುಷಿಯಲ್ಲಿದ್ದೆ.

ನಿಜ ಹೊರಬಿದ್ದದ್ದು ಸುಣ್ಣಬಣ್ಣದ ದಿನ. ನಾನು ಹೊಲಿಯುವ ಕೋಣೆಯ ಗೋಡೆ ತೇವ ಹಿಡಿದು ಬಟ್ಟೆಗೆಲ್ಲ ಪುಡಿ ಉದುರುತ್ತಿತ್ತು. ಪೇಂಟರು ಬೆಳಗ್ಗೆಯೇ ಬಂದರು. ಅತ್ತಿಗೆ ಮುದುಕಪ್ಪನನ್ನು ಸರಿಯಾಗಿ ಮುಚ್ಚಿ, ವೈರು ಕಿತ್ತು, ಮೇಲೆ ಪ್ಲಾಸ್ಟಿಕ್ ಹೊದಿಸಿದರು. "ಇದರಲ್ಲಿ ಈಗ ಉಳಿದಿರೋದೇ ಸೈಕಲ್ ಅಂಗಡಿ ಒಂದು. ಅದಕ್ಕೂ ಇರೋದು ನಾಳೆ. ಇವತ್ತು ಮಲಗಲಿ ಪಾಪ" ಎಂದರು.

ಒಂದು ಗೋಡೆ ಮುಗಿದಿರಲಿಲ್ಲ, ಸಾಹೇಬರು ಓಡಿ ಬಂದರು. ಹೊಸ ಬೂಟಿನಲ್ಲೇ ಒಳಗೆ ನುಗ್ಗಿದರು, ಇಸ್ತ್ರಿ ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

"ಮಿಷಿನ್ ಯಾಕೆ ಆಫ್ ಮಾಡಿದ್ರಿ? ಯಾರು ಮಾಡಿದ್ದು? ನನ್ನ ಒಂದು ಮಾತು ಕೇಳೋದಲ್ವಾ?"

"ಪೇಂಟ್ ಹೊಡಿಯಕ್ಕೆ ಕಣೋ. ಯಾಕೆ, ಏನಾಯ್ತು?" ಎಂದರು ಅತ್ತಿಗೆ.

ಸಾಹೇಬರ ಕೈಯಲ್ಲಿ ಫೋನ್ ಹೊಡೆದುಕೊಳ್ಳುತ್ತಲೇ ಇತ್ತು. ನಿಲ್ಲಿಸಲು ಹೋಗಿ ಗಾಬರಿಯಲ್ಲಿ ಏನು ಒತ್ತಿದರೋ, ಬೇಕರಿಯವರ ದನಿ ಕೋಣೆ ತುಂಬ ಕೇಳಿಸಿತು. "ಏನ್ರೀ ನೀವು, ಬೆಳಗ್ಗೆ ಕೇಕಿಂದು ಹೋಗ್ಲೇ ಇಲ್ಲ! ಹೊಸ ಸಿಸ್ಟಮ್ಮು, ಯಾವತ್ತೂ ಕೈ ಕೊಡಲ್ಲ ಅಂತ ಬಡಾಯಿ ಕೊಚ್ಚಿದ್ರಲ್ಲ?"

ಏಣಿಯ ಮೇಲಿದ್ದ ಪೇಂಟರ ಬ್ರಷ್ ನಿಂತಿತು. ಅತ್ತಿಗೆ ಪ್ಲಾಸ್ಟಿಕ್ ಹೊದಿಸಿದ ಮುದುಕಪ್ಪನನ್ನು ನೋಡಿದರು, ತಮ್ಮನನ್ನು ನೋಡಿದರು.

"ಬೇಕರಿದು ನನ್ನ ಮಿಷಿನ್ನಿಂದ ಹೋಗ್ತಿದೆಯಾ?"

ಸಾಹೇಬರು ಫೋನ್ ಆಫ್ ಮಾಡಿ ಜೇಬಿಗೆ ತುರುಕಿದರು.

"ಡಾಕ್ಟರದ್ದು? ಕನ್ನಡಕದವರದ್ದು?"

ಸಾಹೇಬರು ಬೂಟಿನ ತುದಿ ನೋಡುತ್ತಾ ಒಂದೊಂದಾಗಿ ಬಾಯಿಬಿಟ್ಟರು. ಕಂಪನಿಯೂ ಇಲ್ಲ, ಕೆಲಸವೂ ಇಲ್ಲ. ಅಕ್ಕ ಕೊಟ್ಟ ಆ ವಿಭಾಗದಲ್ಲೇ ಅಂಗಡಿಗಳನ್ನೆಲ್ಲ ತಮ್ಮ ಹೆಸರಿಗೆ ಸೇರಿಸಿಕೊಂಡಿದ್ದರು. ಸ್ವಂತಕ್ಕೆ ಬೇರೊಂದು ಮಿಷಿನ್ ಕೂರಿಸಲು ನೋಡಿದ್ದರಂತೆ, ಬರಲಿಲ್ಲವಂತೆ. ಬರಹಕ್ಕೇನು ಮಾಡಿದರು? ಅಕ್ಕ ಹಿಂದೆ ಬರೆದದ್ದೆಲ್ಲ ಮುದುಕಪ್ಪನ ಹೊಟ್ಟೆಯಲ್ಲೇ ಇತ್ತಲ್ಲ, ಅದನ್ನೇ ತೆಗೆದು ಹೊಸ ದಿನ, ಹೊಸ ಹೊತ್ತು ಹಾಕಿ ಕಳಿಸುತ್ತಿದ್ದರು. ಹಳೆಯದು ಯಾರ ನೆನಪಿನಲ್ಲೂ ಉಳಿದಿರಲಿಲ್ಲ.

"ಅಂಗಡಿಯವರಿಗೆ ನನ್ನ ಬಗ್ಗೆ ಏನು ಹೇಳಿದೆ?"

"ಅದೇ... ಕಣ್ಣು ಮಂಜಾಗಿದೆ, ತಪ್ಪು ತಪ್ಪು ಬರೀತಾಳೆ ಅಂತ. ಮುಖಕ್ಕೆ ಹೇಳಿದ್ರೆ ನೊಂದ್ಕೋತಾಳೆ, ಸ್ವಲ್ಪ ದಿನ ನಿಲ್ಸೋಣ ಅಂತ ಮಾತ್ರ ಹೇಳಿ ಅಂದೆ."

ನನಗೆ ಮೈ ಉರಿದುಹೋಯಿತು. ಕೈಯಲ್ಲಿ ಕತ್ತರಿ ಇತ್ತು, ದೂರ ಇಟ್ಟೆ. "ಥೂ, ನಿಮ್ಮ ಜನ್ಮಕ್ಕಿಷ್ಟು! ಅನ್ನ ಕಲೆಸಿ ಬಾಯಿಗಿಟ್ಟ ಕೈ ಅಲ್ವೇನ್ರೀ ಅದು?" ಎಂದೆ. ಇನ್ನೂ ಏನೇನೋ ಅಂದೆ. ಸಾಹೇಬರಿಗೆ ನನ್ನ ಮೇಲೆ ಸಿಟ್ಟು ಬಂದು, ಆ ಸಿಟ್ಟಿಗೆ ಧೈರ್ಯವೂ ಬಂತು.

"ನಾನೇನು ಕಳ್ಳತನ ಮಾಡಿದ್ನಾ? ಅದು ಫ್ರೀ ತಾನೇ? ಯಾರು ಬೇಕಾದ್ರೂ ಬಳಸಬಹುದು ಅಂತ ಅಕ್ಕನೇ ಊರಿಗೆಲ್ಲ ಹೇಳ್ಕೊಂಡು ತಿರುಗ್ತಿರಲಿಲ್ವಾ?"

"ತಂತ್ರಾಂಶ ಎಲ್ಲರದ್ದು ಕಣೋ" ಎಂದರು ಅತ್ತಿಗೆ. ದನಿ ಏರಲಿಲ್ಲ. "ನನ್ನ ಕಣ್ಣು ಮಂಜಾಗಿದೆ ಅಂದ್ಯಲ್ಲ, ಆ ಮಾತು ಯಾರದ್ದು?"

ಅತ್ತಿಗೆ ಬಗ್ಗಿ ಪ್ಲಾಸ್ಟಿಕ್ ಸರಿಸಿದರು, ವೈರು ಚುಚ್ಚಿದರು, ಮುದುಕಪ್ಪನನ್ನು ಎಬ್ಬಿಸಿದರು. ನಾನು ಬೇಡ ಎಂದು ಅಡ್ಡ ಹೋದೆ. "ಅಂಗಡಿಯವರು ಏನು ಪಾಪ ಮಾಡಿದಾರೆ, ಅವರ ಇವತ್ತಿನದು ಹೋಗ್ಲಿ" ಎಂದರು. ಹೀಗೂ ಇರುತ್ತಾರಾ ಮನುಷ್ಯರು? ನಾನಾಗಿದ್ದರೆ ಬೀದಿಯ ಅಷ್ಟೂ ಪುಟಗಳಲ್ಲಿ ಈ ಘನಂದಾರಿ ತಮ್ಮನ ಫೋಟೋ ಹಾಕಿ ಮರ್ಯಾದೆ ತೆಗೆಯುತ್ತಿದ್ದೆ. ಹಾಗೇ ಮಾಡಿ ಎಂದು ಬಾಯಿಬಿಟ್ಟೂ ಹೇಳಿದೆ. ಬೇರೆಯವರ ಬಾಯಲ್ಲಿ ನನ್ನ ಜಗಳ ಆಡಿಸಲ್ಲ ಎಂದುಬಿಟ್ಟರು.

ಆಮೇಲೆ ತಮ್ಮನ ಕಡೆ ತಿರುಗಿದರು. "ನನಗೆ ಒಂದೇ ಒಂದು ಬೇಕು. ಸಂಜೆ ನನ್ನ ಜೊತೆ ಬೇಕರಿಗೆ ಬಾ. ಬರೆದಿದ್ದು ಅಕ್ಕ, ಅವಳ ಕಣ್ಣು ಚೆನ್ನಾಗಿದೆ ಅಂತ ನಿನ್ನ ಬಾಯಿಂದ ಹೇಳು. ಅಷ್ಟು ಹೇಳಿದ್ರೆ ಅಂಗಡಿಗಳನ್ನ ನೀನೇ ಇಟ್ಕೋ. ಮಿಷಿನ್ನೂ ನಿನಗೇ. ನಾನೇ ಬರೆದೂ ಕೊಡ್ತೀನಿ."

ಸಾಹೇಬರು ಅಕ್ಕನ ಎರಡೂ ಕೈ ಹಿಡಿದುಕೊಂಡು ಅತ್ತರು. ಬರ್ತೀನಿ, ಹೇಳ್ತೀನಿ ಅಂದರು. ಆ ಅಳು ಸುಳ್ಳಲ್ಲ, ನಾನು ಬಲ್ಲೆ. ಅದಕ್ಕೇ ನನಗೆ ಇವತ್ತಿಗೂ ತಲೆ ಕೆಡುವುದು.

ಸಂಜೆ ಮೂವರೂ ಹೋದೆವು. ಅತ್ತಿಗೆ ಕೂದಲು ಬಾಚಿ, ಒಳ್ಳೆಯ ಸೀರೆ ಉಟ್ಟಿದ್ದರು. ದಾರಿಯುದ್ದಕ್ಕೂ ನಡಿಗೆ ಹಗುರವಾಗಿತ್ತು. ಬೇಕರಿಯವರು ತಟ್ಟೆಗಳನ್ನು ಒಳಗೆ ಜೋಡಿಸುತ್ತಿದ್ದವರು ನಮ್ಮನ್ನು ನೋಡಿ ಕೈ ಒರೆಸಿಕೊಂಡು ಬಂದರು. ಅತ್ತಿಗೆಗೆ ಅದೇ ಹಳೇ ಸ್ಟೂಲು ಎಳೆದು ಹಾಕಿದರು.

"ಬನ್ನಿ ಅಕ್ಕಾ, ಎಷ್ಟು ದಿನ ಆಯ್ತು! ಕಣ್ಣು ಈಗ ಹೇಗಿದೆ?"

ಅತ್ತಿಗೆ ತಮ್ಮನ ಮುಖ ನೋಡಿದರು. ಸಾಹೇಬರು ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ಬೇಕರಿಯವರೇ ಫೋನ್ ತೆಗೆದು, "ಬೆಳಗ್ಗೆ ಏನೋ ಬೈದುಬಿಟ್ಟೆ, ಮನಸ್ಸಿಗೆ ಹಚ್ಕೋಬೇಡಿ ಸರ್. ಹೋದ ವಾರದ್ದು ಜನ ಅದೆಷ್ಟು ಮೆಚ್ಕೊಂಡ್ರು ಗೊತ್ತಾ? ಕೇಳಿ ಅಕ್ಕಾ, ನಿಮ್ಮ ತಮ್ಮ ಹೇಗೆ ಬರೀತಾರೆ ಅಂತ" ಎಂದು ಗಟ್ಟಿಯಾಗಿ ಓದಿದರು.

"ನಿನ್ನೇ ಬ್ರೆಡ್ಡು ಕೇಳಬೇಡಿ, ನಿನ್ನೇದು ನಿನ್ನೇನೇ ಖಾಲಿ. ಇವತ್ತಿಂದು ಇನ್ನೂ ಕೈ ಸುಡ್ತಿದೆ. ಚೀಲ ತನ್ನಿ, ಬೈಕೊಂಡೇ ಕೊಡ್ತೀನಿ."

ಅದನ್ನು ಅತ್ತಿಗೆ ಬರೆದಾಗ ನಾನು ಪಕ್ಕದಲ್ಲೇ ಇದ್ದೆ. ಕೊನೆಯ ಮಾತಿಗೆ ನಕ್ಕು ನಕ್ಕು ಹೊಲಿಗೆ ಸೊಟ್ಟ ಹೋಗಿ ಇಡೀ ತೋಳು ಬಿಚ್ಚಬೇಕಾಗಿತ್ತು. ಬೇಕರಿಯವರು ಈಗಲೂ ನಗುತ್ತಿದ್ದರು. "ನೀವು ಬರೀತಿದ್ದಾಗಲೂ ಚೆನ್ನಾಗೇ ಇತ್ತು ಅಕ್ಕಾ, ಬೇಜಾರು ಮಾಡ್ಕೋಬೇಡಿ. ಆದ್ರೆ ಇವರದ್ರಲ್ಲಿ ಒಂದು ಜೀವ ಇದೆ. ನಾನೇ ಮಾತಾಡ್ದಂಗೆ ಇರುತ್ತೆ!"

ಅತ್ತಿಗೆ ತಮ್ಮನನ್ನೇ ನೋಡುತ್ತಿದ್ದರು. ಈಗ ಹೇಳುತ್ತಾರೆ ಎಂದು ನಾನೂ ಅವರನ್ನೇ ನೋಡಿದೆ. ಮಾತಿಗೆ ಬಾಗಿಲು ತೆರೆದೇ ಇತ್ತು, ಒಂದು ಹೆಜ್ಜೆ ಇಟ್ಟರೆ ಸಾಕಿತ್ತು. ಸಾಹೇಬರು ನಕ್ಕರು. ಕೈ ಜೋಡಿಸಿದ ಹಾಗೆ ಮಾಡಿ, "ಏನೋ, ಎಲ್ಲ ನಿಮ್ಮ ಆಶೀರ್ವಾದ ಸರ್" ಎಂದರು.

ನಾನು ಬಾಯಿ ತೆರೆದೆ. ಅತ್ತಿಗೆ ನನ್ನ ಮಣಿಕಟ್ಟು ಹಿಡಿದುಕೊಂಡರು, ನೋಯುವ ಹಾಗೆ. "ಹೌದು, ತುಂಬ ಚೆನ್ನಾಗಿದೆ" ಎಂದು ಬೇಕರಿಯವರಿಗೆ ಹೇಳಿ ಸ್ಟೂಲಿನಿಂದ ಎದ್ದರು. ಬೇಕರಿಯವರು ಕೊಟ್ಟ ಬನ್ನಿನ ಪೊಟ್ಟಣವನ್ನು ಸಾಹೇಬರೇ ಹಿಡಿದುಕೊಂಡು ಬಂದರು.

ಮಾರನೆಯ ದಿನ ಅತ್ತಿಗೆ ತಮ್ಮನ ವಿಭಾಗ ಮುಚ್ಚಿದರು, ಪಾಸ್‌ವರ್ಡ್ ಬದಲಿಸಿದರು, ಅಂಗಡಿಗಳ ಅನುಮತಿಯನ್ನೆಲ್ಲ ಕಳಚಿಹಾಕಿ ಒಬ್ಬೊಬ್ಬರಿಗೂ ತಾವೇ ಹೋಗಿ ತಿಳಿಸಿ ಬಂದರು. ಯಾಕೆ ಎಂದು ಹೇಳಲಿಲ್ಲ. ಅದು ಅವನ ಬಾಯಿಂದ ಬರಬೇಕಾಗಿದ್ದ ಮಾತು, ನಾನು ಹೇಳಿದರೆ ಬೆಲೆಯಿಲ್ಲ ಎಂಬ ಹಟ. ಬೀದಿಯವರು ತಾವೇ ಒಂದು ಕಾರಣ ಹುಡುಕಿಕೊಂಡರು. ತಮ್ಮನ ಏಳಿಗೆ ಅಕ್ಕನಿಗೆ ಸಹಿಸಲಾಗಲಿಲ್ಲ, ಹೊಟ್ಟೆಕಿಚ್ಚು! ನನಗೆ ತಡೆಯದೆ ಬೇಕರಿಗೆ ಹೋಗಿ ಇದ್ದದ್ದು ಇದ್ದ ಹಾಗೆ ಕೂಗಿ ಹೇಳಿದೆ. "ಮನೆ ಜಗಳ ಅಂಗಡಿಗೆ ತರಬೇಡಿ ಅಮ್ಮಾ, ಗಿರಾಕಿಗಳಿದಾರೆ" ಎಂದರು ಅವರು. ಸಾಹೇಬರು ಈಗ ಯಾವುದೋ ಕಂಪನಿಯ ತಾಣದಿಂದ ಅದೇ ಅಂಗಡಿಗಳದ್ದನ್ನು ನಡೆಸುತ್ತಿದ್ದಾರೆ. ಹಳೆಯ ಬರಹಗಳ ಪ್ರತಿಯನ್ನು ಯಾವಾಗಲೋ ತೆಗೆದಿಟ್ಟುಕೊಂಡಿದ್ದರಂತೆ. ನಾನು ಅವರಿಗೆ ಊಟ ಬಡಿಸುತ್ತೇನೆ, ಮಾತಾಡಿಸುವುದಿಲ್ಲ.

ಆ ವಾರವೇ ಅತ್ತಿಗೆ ಮುದುಕಪ್ಪನನ್ನು ಮಹಡಿಯ ಮೇಲಿನ ತಮ್ಮ ಕೋಣೆಗೆ ಸಾಗಿಸಲು ಹೊರಟರು. ಒಬ್ಬರ ಕೈಲಿ ಆಗುವ ಭಾರವಲ್ಲ. ನಾನು ಒಂದು ಬದಿ ಹಿಡಿದೆ. ಮೆಟ್ಟಿಲ ತಿರುವಿನಲ್ಲಿ ಇಳಿಸಿ ದಣಿವಾರಿಸಿಕೊಂಡೆವು. ಅಲ್ಲಿ ನಿಂತು, ನನ್ನ ಕಡೆ ನೋಡದೆ ಅತ್ತಿಗೆ ಕೇಳಿದರು:

"ಅವನು ದಿನಾ ಸಂಜೆ ನಿನ್ನ ಪಕ್ಕದಲ್ಲೇ ಕೂತು ಮಾಡ್ತಿದ್ನಲ್ಲ. ನಿನಗೂ ಗೊತ್ತಿತ್ತಾ?"

ಇಲ್ಲ ಅತ್ತಿಗೆ, ನನ್ನಾಣೆಗೂ ಇಲ್ಲ ಎಂದೆ. ಅಂದದ್ದು ನನ್ನ ಕಿವಿಗೇ ಸುಳ್ಳಿನ ಹಾಗೆ ಕೇಳಿಸಿತು. ಕೈ ಹಿಡಿದು ಅತ್ತವನನ್ನು ನಂಬಿ ಮೋಸಹೋದವರ ಮುಂದೆ ನಾನು ಇನ್ನೇನು ತಾನೇ ಮಾಡಿ ತೋರಿಸಲಿ?

"ಹೂಂ" ಎಂದರು.

ಮೇಲೆ ತಲುಪಿ, ಕಿಟಕಿಯ ಪಕ್ಕ ಇಟ್ಟೆವು. ನಾನು ಸೆರಗಿನಲ್ಲಿ ಅದರ ಧೂಳು ಒರೆಸಲು ಹೋದೆ. ಅತ್ತಿಗೆ ಮೆಲ್ಲಗೆ ನನ್ನ ಕೈ ಸರಿಸಿ, "ನಾನು ಮಾಡ್ಕೋತೀನಿ. ತೊಂದರೆ ತಗೊಂಡ್ರಿ, ಥ್ಯಾಂಕ್ಸ್" ಎಂದರು. ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅವರು ನನ್ನನ್ನು ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ನಾನು ಹೊರಗೆ ಬಂದೆ, ಅವರು ಬಾಗಿಲು ಹಾಕಿಕೊಂಡರು.